ರೂಟ್ ಕೆನಾಲ್ ಮಾಡಿಸಿದ ಮೇಲೂ ಹಲ್ಲು ನೋವು ಹೋಗ್ತಿಲ್ವಾ? ಎಷ್ಟು ದಿನ ಕಾಯಬಹುದು, ಯಾವಾಗ ಆಸ್ಪತ್ರೆಗೆ ಓಡಬೇಕು: ಪೂರ್ತಿ ಮಾಹಿತಿ ಇಲ್ಲಿದೆ

ದಾವಣಗೆರೆ: ಹಲ್ಲು ನೋವು ತಡೆಯೋಕಾಗದೆ ಕ್ಲಿನಿಕ್‌ಗೆ ಹೋಗಿ, ಸಾವಿರಾರು ರೂಪಾಯಿ ಕೊಟ್ಟು ರೂಟ್ ಕೆನಾಲ್ ಮಾಡಿಸಿಕೊಂಡು ಬಂದಿರ್ತೀರಿ. ಇನ್ನು ನೋವಿರಲ್ಲ ಅಂದುಕೊಂಡು ಊಟ ಮಾಡಿ ಮಲಗ್ತೀರಿ. ಇಂಜೆಕ್ಷನ್ ಜೋಮು ಬಿಟ್ಟ ಕೂಡಲೇ ದವಡೆ ಮತ್ತೆ ಮಿಡಿಯೋಕೆ ಶುರು. 'ನರಾನೇ ತೆಗೆದ ಮೇಲೆ ನೋವು ಎಲ್ಲಿಂದ ಬಂತು? ಡಾಕ್ಟ್ರು ಸರಿಯಾಗಿ ಮಾಡಲಿಲ್ವಾ?' ಅನ್ನೋ ಪ್ರಶ್ನೆ ಎಲ್ಲರಿಗೂ ಬರುತ್ತೆ.

ನಮ್ಮ ಮನೆಯಲ್ಲೇ ಇದು ಆಗಿದೆ. ನಮ್ಮ ಸೋದರಮಾವನದ್ದು ಕಿರಾಣಿ ಅಂಗಡಿ. ಎರಡು ವರ್ಷದ ಹಿಂದೆ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಶುರು ಮಾಡಿಸಿದ್ರು. ಮೊದಲ ಸಿಟ್ಟಿಂಗ್‌ಗೇ ನೋವು ಹೋಯ್ತು. ಎರಡನೇ ಸಿಟ್ಟಿಂಗ್ ದೀಪಾವಳಿ ವ್ಯಾಪಾರದ ವಾರಕ್ಕೆ ಬಿತ್ತು, ಹೋಗಲಿಲ್ಲ. ಮೂರು ವಾರಕ್ಕೆ ಟೆಂಪರರಿ ಸಿಮೆಂಟ್ ಕಳಚಿ ಬಿತ್ತು, ನೋವು ವಾಪಸ್ ಬಂತು. ಪಕ್ಕದ ಮೆಡಿಕಲ್‌ನಲ್ಲಿ ಮಾತ್ರೆ ತಗೊಂಡು ಐದು ದಿನ ನೂಕಿದ್ರು. ಆರನೇ ದಿನ ಬೆಳಿಗ್ಗೆ ಎದ್ದಾಗ ಗದ್ದದ ಕೆಳಗೆ ಊದಿಕೊಂಡಿತ್ತು, ಬಾಯಿ ಎರಡು ಬೆರಳಷ್ಟೂ ತೆರೆಯೋಕಾಗ್ತಿರಲಿಲ್ಲ, ಎಂಜಲು ನುಂಗೋಕೂ ಕಷ್ಟ. ದಾವಣಗೆರೆಗೆ ಕರ್ಕೊಂಡು ಬಂದು ಅಡ್ಮಿಟ್ ಮಾಡಿ ಕೀವು ತೆಗೆಸಬೇಕಾಯ್ತು. ಈಗಲೂ ಹೇಳ್ತಾರೆ, 'ಅರ್ಧ ದಿನ ಅಂಗಡಿ ಮುಚ್ಚಿದ್ರೆ ಆಗೋ ಕೆಲಸಕ್ಕೆ ಹನ್ನೊಂದು ದಿನ ಮುಚ್ಚಿದೆ ಕಣೋ' ಅಂತ.

ರೂಟ್ ಕೆನಾಲ್ ಆದ ಮೇಲಿನ ಬಹುತೇಕ ನೋವು ತಾನಾಗೇ ಇಳಿಯುತ್ತೆ. ಆದರೆ ಕೆಲವು ನೋವು ಕಾಯೋದಕ್ಕೆ ಬಿಡಲ್ಲ. ಎರಡರ ವ್ಯತ್ಯಾಸ ಗೊತ್ತಿದ್ರೆ ಸಾಕು, ಅರ್ಧ ಭಯ ಹೋಗುತ್ತೆ.

ನರ ತೆಗೆದ ಮೇಲೆ ನೋವು ಯಾಕೆ?

ಹಲ್ಲಿನ ಒಳಗೆ ಮೆತ್ತನೆ ತಿರುಳು ಇರುತ್ತೆ. ಅದರಲ್ಲಿ ನರ, ರಕ್ತನಾಳ ಎರಡೂ ಇರ್ತವೆ. ಹುಳುಕು ಆಳಕ್ಕೆ ಇಳಿದು ತಿರುಳಿಗೆ ಸೋಂಕು ತಗುಲಿದಾಗ ರೂಟ್ ಕೆನಾಲ್ ಬೇಕಾಗುತ್ತೆ. ಡಾಕ್ಟ್ರು ತಿರುಳನ್ನು ತೆಗೆದು, ಬೇರಿನೊಳಗಿನ ಸಣ್ಣ ನಾಳಗಳನ್ನು ಸೂಜಿಯಂಥ ಫೈಲ್‌ಗಳಿಂದ ಉಜ್ಜಿ, ಸೋಡಿಯಂ ಹೈಪೋಕ್ಲೋರೈಟ್ ಅನ್ನೋ ದ್ರಾವಣದಿಂದ ತೊಳೆದು, ಗಟ್ಟಾ ಪರ್ಚಾ ಅನ್ನೋ ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತಾರೆ.

ಇದರಿಂದ ಹಲ್ಲಿನ ಒಳಗಿನ ನರ ಹೋಗುತ್ತೆ. ಹೊರಗಿನದ್ದು ಹಾಗೇ ಇರುತ್ತೆ. ಹಲ್ಲಿನ ಬೇರನ್ನು ಮೂಳೆಗೆ ಹಿಡಿದಿಡೋ ನಾರಿನಂಥ ತೆಳು ಪದರವೊಂದಿದೆ. ಅದಕ್ಕೂ ಸುತ್ತಲಿನ ಮೂಳೆಗೂ ತಮ್ಮದೇ ನರಗಳಿವೆ. ಸೋಂಕಿನಿಂದ ಮೊದಲೇ ಅಲ್ಲಿ ಉರಿಯೂತ ಆಗಿರುತ್ತೆ, ಮೇಲೆ ಬೇರಿನ ತುದಿವರೆಗೆ ಕೆಲಸ ನಡೆದಿರುತ್ತೆ. ಕಾಲು ಉಳುಕಿದ್ರೆ ಎರಡು ದಿನ ಊರೋಕಾಗಲ್ಲ ಅಲ್ವಾ, ಹಾಗೇ ಆ ಹಲ್ಲನ್ನು ಕಚ್ಚೋಕಾಗಲ್ಲ. ಅದಕ್ಕೇ ಈ ನೋವು ತಣ್ಣೀರು ಕುಡಿದಾಗ ಬರೋದಿಲ್ಲ, ಕಚ್ಚಿದಾಗ ಅಥವಾ ಹಲ್ಲನ್ನು ತಟ್ಟಿದಾಗ ಬರುತ್ತೆ. ತಣ್ಣೀರಿಗೆ ಜುಂ ಅಂದ್ರೆ ಪಕ್ಕದ ಇನ್ನೊಂದು ಹಲ್ಲೇ ಹುಳುಕಾಗಿರಬಹುದು, ಅದನ್ನೂ ತೋರಿಸಿ.

ಯಾವ ದಿನ ಎಷ್ಟು ನೋವು ಸಹಜ?

ಮೊದಲ 2-3 ದಿನ ನೋವು ಇರೋದು ಸಾಮಾನ್ಯ. ದಿನದಿಂದ ದಿನಕ್ಕೆ ಕಮ್ಮಿ ಆಗ್ತಾ ಹೋಗಬೇಕು, ಅದನ್ನು ಗಮನಿಸಿ. ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ 2011ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಪ್ರಕಾರ, ಚಿಕಿತ್ಸೆಗೆ ಮೊದಲು ನೂರರಲ್ಲಿ ಸುಮಾರು 81 ಜನರಿಗೆ ನೋವಿತ್ತು. ಒಂದು ದಿನ ಕಳೆದ ಮೇಲೆ 40 ಜನರಿಗೆ ಉಳಿದಿತ್ತು. ಒಂದು ವಾರಕ್ಕೆ 11 ಜನರಿಗೆ ಮಾತ್ರ ಇತ್ತು.

ಅಂದ್ರೆ ಮರುದಿನ ನೋವಿದ್ರೆ ಗಾಬರಿ ಬೇಡ. ವಾರ ಕಳೆದ ಮೇಲೆ ಗಟ್ಟಿ ಪದಾರ್ಥ ಕಚ್ಚಿದಾಗ ಸ್ವಲ್ಪ ಬೇರೆ ಥರ ಅನ್ನಿಸಿದ್ರೂ ತೊಂದರೆ ಇಲ್ಲ. ಈ ಮೂರು ಥರ ಆದ್ರೆ ಮಾತ್ರ ಕ್ಲಿನಿಕ್‌ಗೆ ಫೋನ್ ಮಾಡಿ:

- ಮೂರನೇ ದಿನಕ್ಕೂ ನೋವು ಇಳಿಯದೆ ಜಾಸ್ತಿ ಆಗ್ತಿದ್ರೆ
- ನೋವು ಪೂರ್ತಿ ಹೋಗಿ, ಕೆಲವು ದಿನದ ನಂತರ ಮತ್ತೆ ಬಂದ್ರೆ
- ಕೊಟ್ಟ ಮಾತ್ರೆ ತಗೊಂಡ್ರೂ ರಾತ್ರಿ ನಿದ್ದೆ ಬರದಷ್ಟು ಇದ್ರೆ

ಇನ್ನೊಂದು ವಿಷಯ. ಕೆಳದವಡೆಗೆ ಚಿಕಿತ್ಸೆ ಆದವರಿಗೆ ತುಟಿ, ಗದ್ದದ ಜೋಮು ಕೆಲವು ಗಂಟೆಯಲ್ಲಿ ಬಿಡಬೇಕು. ಮರುದಿನವೂ ತುಟಿ ಮರಗಟ್ಟಿದ ಹಾಗೇ ಇದ್ರೆ ಅವತ್ತೇ ಡಾಕ್ಟ್ರಿಗೆ ತಿಳಿಸಿ, ಕಾಯಬೇಡಿ.

'ಹಲ್ಲು ಎತ್ತರ ಆಗಿದೆ' ಅನ್ನಿಸ್ತಿದೆಯಾ?

ಬಾಯಿ ಮುಚ್ಚಿದಾಗ ಬೇರೆ ಹಲ್ಲುಗಳಿಗಿಂತ ಮೊದಲು ಆ ಹಲ್ಲೇ ತಾಗುತ್ತೆ ಅನ್ನಿಸಿದ್ರೆ, ಸಿಮೆಂಟ್ ಅಥವಾ ಕ್ಯಾಪ್ ಒಂಚೂರು ಎತ್ತರ ಆಗಿದೆ ಅಂತ ಅರ್ಥ. ಜೋಮು ಇರೋವಾಗ ಇದು ಗೊತ್ತಾಗಲ್ಲ, ಮನೆಗೆ ಬಂದ ಮೇಲೇ ಗೊತ್ತಾಗೋದು. ಪ್ರತಿ ಸಲ ಬಾಯಿ ಮುಚ್ಚಿದಾಗಲೂ ಪೆಟ್ಟು ಬೀಳ್ತಾ ಇರೋದ್ರಿಂದ ಎಷ್ಟು ಮಾತ್ರೆ ತಿಂದ್ರೂ ನೋವು ಇಳಿಯಲ್ಲ.

ಇದರ ರಿಪೇರಿ ಮಾತ್ರ ಬಹಳ ಸುಲಭ. ಬಣ್ಣದ ಕಾಗದದ ಪಟ್ಟಿ ಕಚ್ಚಿಸಿ, ಎಲ್ಲಿ ಗುರುತು ಬೀಳುತ್ತೋ ಅಲ್ಲಿ ಡಾಕ್ಟ್ರು ಸ್ವಲ್ಪ ಉಜ್ಜುತ್ತಾರೆ. ಐದು-ಹತ್ತು ನಿಮಿಷದ ಕೆಲಸ. 'ಇಷ್ಟಕ್ಕೆಲ್ಲ ಮತ್ತೆ ಯಾಕೆ ಹೋಗೋದು' ಅಂತ ಸಂಕೋಚ ಪಡೋರೇ ಜಾಸ್ತಿ. ದಯವಿಟ್ಟು ಹೋಗಿ.

ಮನೆಯಲ್ಲಿ ಏನು ಮಾಡಬಹುದು?

- ಜೋಮು ಬಿಡೋವರೆಗೆ ಏನೂ ಅಗಿಯಬೇಡಿ. ಗೊತ್ತಾಗದೆ ಕೆನ್ನೆ, ನಾಲಿಗೆ ಕಚ್ಚಿಕೊಳ್ತೀರಿ. ಬಿಸಿ ಟೀ ಕೂಡ ಬಾಯಿ ಸುಡಬಹುದು.
- ಮೊದಲ ದಿನ ಐಸ್ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆ ಮೇಲೆ 10-15 ನಿಮಿಷ ಇಡಿ, ತೆಗೆಯಿರಿ, ಮತ್ತೆ ಇಡಿ. ಐಸ್ ನೇರವಾಗಿ ಚರ್ಮಕ್ಕೆ ಬೇಡ.
- ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ 3-4 ಸಲ ಬಾಯಿ ಮುಕ್ಕಳಿಸಿ.
- ಮಲಗುವಾಗ ಒಂದು ದಿಂಬು ಜಾಸ್ತಿ ಹಾಕಿಕೊಳ್ಳಿ. ತಲೆ ಎತ್ತರದಲ್ಲಿದ್ರೆ ಮಿಡಿತದ ನೋವು ಸ್ವಲ್ಪ ಕಮ್ಮಿ.
- ಇನ್ನೊಂದು ಬದಿಯಲ್ಲಿ ಅಗಿಯಿರಿ. ಮುದ್ದೆ, ಮೊಸರನ್ನ, ಇಡ್ಲಿ, ಗಂಜಿ ಒಳ್ಳೇದು. ಖಡಕ್ ರೊಟ್ಟಿ, ಚಕ್ಕುಲಿ, ಒಣಕೊಬ್ಬರಿ, ಶೇಂಗಾ ಕೆಲವು ದಿನ ಬೇಡ. ಮಂಡಕ್ಕಿ ಮಿರ್ಚಿ ಬಿಟ್ಟಿರೋದು ನಮ್ಮ ದಾವಣಗೆರೆ ಕಡೆಯವರಿಗೆ ಕಷ್ಟವೇ, ಆದ್ರೂ ಒಂದು ವಾರ ತಡೀರಿ.
- ಬ್ರಶ್ ಮಾಡೋದು ನಿಲ್ಲಿಸಬೇಡಿ. ಮೆತ್ತನೆ ಬ್ರಶ್‌ನಲ್ಲಿ ಆ ಹಲ್ಲನ್ನೂ ನಿಧಾನಕ್ಕೆ ಉಜ್ಜಿ.
- ಬೀಡಿ, ಸಿಗರೇಟು, ಗುಟ್ಕಾ, ಅಡಿಕೆ ಜಗಿಯೋದು ಬಿಡಿ. ಗಾಯ ಮಾಗೋದನ್ನ ಹೊಗೆಸೊಪ್ಪು ತಡ ಮಾಡುತ್ತೆ. ಅರ್ಧ ಕೆಲಸ ಆಗಿರೋ ಹಲ್ಲಲ್ಲಿ ಗಟ್ಟಿ ಅಡಿಕೆ ಕಡಿದ್ರೆ ಹಲ್ಲೇ ಸೀಳಬಹುದು.

ಮಾತ್ರೆ ವಿಷಯದಲ್ಲಿ ಹುಷಾರ್

ಡಾಕ್ಟ್ರು ಬರೆದ ಮಾತ್ರೆಯನ್ನು ಅವರು ಹೇಳಿದ ಹೊತ್ತಿಗೆ ತಗೊಳ್ಳಿ. ಜೋಮು ಪೂರ್ತಿ ಬಿಟ್ಟು ನೋವು ಏರೋವರೆಗೆ ಕಾದ್ರೆ ಇಳಿಸೋದು ಕಷ್ಟ. ಮೊದಲ ಮಾತ್ರೆ ಜೋಮು ಬಿಡೋ ಮುಂಚೆ ತಗೋಬಹುದಾ ಅಂತ ಕ್ಲಿನಿಕ್‌ನಲ್ಲೇ ಕೇಳಿಕೊಂಡು ಬನ್ನಿ.

ಹಲ್ಲು ನೋವಿಗೆ ಸಾಮಾನ್ಯವಾಗಿ ಕೊಡೋದು ಐಬುಪ್ರೊಫೇನ್, ಪ್ಯಾರಸಿಟಮಾಲ್, ಅಥವಾ ಎರಡೂ ಸೇರಿದ್ದು. ನಮ್ಮಲ್ಲಿ ಆಗೋ ದೊಡ್ಡ ತಪ್ಪು ಅಂದ್ರೆ ಬೇರೆ ಬೇರೆ ಹೆಸರಿನಲ್ಲಿ ಒಂದೇ ಔಷಧ ಎರಡು ಸಲ ನುಂಗೋದು. ಡೋಲೊ 650ಯಲ್ಲಿ ಇರೋದು ಪ್ಯಾರಸಿಟಮಾಲ್. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೇನ್ ಜತೆ ಪ್ಯಾರಸಿಟಮಾಲ್ ಕೂಡ ಇದೆ. ಜೆರೊಡಾಲ್ ಪಿ ಒಳಗೆ ಅಸೆಕ್ಲೊಫೆನಾಕ್ ಜತೆ ಮತ್ತೆ ಪ್ಯಾರಸಿಟಮಾಲ್. 'ಅದು ಬೇರೆ, ಇದು ಬೇರೆ' ಅಂತ ಮೂರನ್ನೂ ತಗೊಂಡ್ರೆ ಲಿವರ್, ಹೊಟ್ಟೆ, ಕಿಡ್ನಿ ಮೂರಕ್ಕೂ ಪೆಟ್ಟು.

ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ ಪ್ಯಾರಸಿಟಮಾಲ್ 4000 ಮಿಲಿಗ್ರಾಂ ಮೀರಬಾರದು. ಡೋಲೊ 650 ಆರು ಮಾತ್ರೆಗೇ 3900 ಆಗುತ್ತೆ, ಅದು ಮಿತಿಯ ಅಂಚು. ಲಿವರ್ ತೊಂದರೆ ಇರೋರು, ದಿನಾ ಕುಡಿಯೋರು, ತೂಕ ಕಮ್ಮಿ ಇರೋರಿಗೆ ಮಿತಿ ಇನ್ನೂ ಕಡಿಮೆ. ಡಾಕ್ಟ್ರು ಹೇಳದೆ ಐಬುಪ್ರೊಫೇನ್ ದಿನಕ್ಕೆ 1200 ಮಿಲಿಗ್ರಾಂ ದಾಟಬೇಡಿ. ಊಟದ ನಂತರವೇ ತಗೊಳ್ಳಿ. ಅಷ್ಟರಲ್ಲಿ ನೋವು ನಿಲ್ಲದಿದ್ರೆ ಇನ್ನೊಂದು ಸ್ಟ್ರಿಪ್ ತರೋ ಬದಲು ಕ್ಲಿನಿಕ್‌ಗೆ ಹೋಗಿ.

ಇವರು ಐಬುಪ್ರೊಫೇನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಗುಂಪಿನ ಮಾತ್ರೆಯನ್ನು ಡಾಕ್ಟ್ರನ್ನು ಕೇಳದೆ ತಗೋಬಾರದು: ಗರ್ಭಿಣಿಯರು, ಹೊಟ್ಟೆ ಹುಣ್ಣು ಇರೋರು, ಕಿಡ್ನಿ ಅಥವಾ ಹೃದಯದ ತೊಂದರೆ ಇರೋರು, ಬಿಪಿ ಮಾತ್ರೆ ತಗೊಳ್ಳೋರು, ಅಸ್ತಮಾ ಇರೋರು, ಎಕೋಸ್ಪ್ರಿನ್‌ನಂಥ ರಕ್ತ ತೆಳು ಮಾಡೋ ಮಾತ್ರೆಯಲ್ಲಿ ಇರೋರು. ಮಳೆಗಾಲದಲ್ಲಿ ಜ್ವರವೂ ಬಂದು ಡೆಂಗಿ ಅನುಮಾನ ಇದ್ರೆ ಈ ಗುಂಪಿನ ಮಾತ್ರೆ ಬೇಡವೇ ಬೇಡ, ರಕ್ತಸ್ರಾವದ ಅಪಾಯ ಇದೆ.

ಆಂಟಿಬಯೋಟಿಕ್ ತಗೊಂಡ್ರೆ ನೋವು ಹೋಗುತ್ತಾ?

ಇಲ್ಲ. ಅಮಾಕ್ಸಿಸಿಲಿನ್ ಆಗಲಿ, ಮೆಟ್ರೊನಿಡಜೋಲ್ ಆಗಲಿ ನೋವಿನ ಮಾತ್ರೆ ಅಲ್ಲ. ಹಲ್ಲಿನೊಳಗಿನ ತಿರುಳು ತೆಗೆದ ಮೇಲೆ ಅಲ್ಲಿಗೆ ರಕ್ತ ಹರಿಯಲ್ಲ, ಹಾಗಾಗಿ ನುಂಗಿದ ಔಷಧ ಆ ಜಾಗಕ್ಕೆ ಸರಿಯಾಗಿ ತಲುಪೋದೂ ಇಲ್ಲ. ಒಳಗೆ ಕೊಳೆ ಉಳಿದಿದ್ರೆ ಅದನ್ನು ತೆಗೆದೇ ತೀರಬೇಕು. ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳುತ್ತೆ: ಹಲ್ಲಿಗೆ ನೇರ ಚಿಕಿತ್ಸೆ ಕೊಡೋಕೆ ಆಗೋ ಕಡೆ, ಹೆಚ್ಚಿನ ಹಲ್ಲು ನೋವಿಗೆ ಆಂಟಿಬಯೋಟಿಕ್ ಬೇಡ. ಜ್ವರ, ಹರಡುತ್ತಿರುವ ಊತ ಇದ್ದಾಗ ಬೇಕಾಗುತ್ತೆ, ಅದನ್ನು ಡಾಕ್ಟ್ರು ನೋಡಿ ಬರೀತಾರೆ.

ಮೆಡಿಕಲ್ ಶಾಪ್ ನಡೆಸೋ ಓದುಗರಿಗೂ ಒಂದು ಮಾತು. ಇವು ಚೀಟಿ ಇಲ್ಲದೆ ಕೊಡಬಾರದ ಔಷಧಗಳು. 'ಅಣ್ಣಾ, ಹಲ್ಲು ನೋವಿಗೆ ಎರಡು ಗುಳಿಗೆ ಕೊಡಿ' ಅಂತ ಬಂದವರ ಮುಖ ಊದಿದ್ರೆ, ಗುಳಿಗೆ ಕೊಡೋದಕ್ಕಿಂತ ಆಸ್ಪತ್ರೆಗೆ ಕಳಿಸೋದೇ ದೊಡ್ಡ ಉಪಕಾರ.

ಇವನ್ನು ಮಾತ್ರ ಮಾಡಬೇಡಿ

ಹಲ್ಲಿನ ಪಕ್ಕ ಆಸ್ಪಿರಿನ್ ಗುಳಿಗೆ ಇಟ್ಟುಕೊಳ್ಳೋದು: ವಸಡು ಸುಟ್ಟು ಬೆಳ್ಳಗಾಗುತ್ತೆ, ನೋವು ಎರಡಾಗುತ್ತೆ. ನುಂಗಿದ್ರೆ ಮಾತ್ರ ಅದು ಕೆಲಸ ಮಾಡೋದು.

ಲವಂಗದ ಎಣ್ಣೆ ಸುರಿಯೋದು: ಲವಂಗದಲ್ಲಿರೋ ಯೂಜಿನಾಲ್ ಮರಗಟ್ಟಿಸೋದು ನಿಜ, ಡಾಕ್ಟ್ರು ಕೂಡ ಕೆಲವು ಸಿಮೆಂಟ್‌ನಲ್ಲಿ ಬಳಸ್ತಾರೆ. ಆದರೆ ರೂಟ್ ಕೆನಾಲ್ ಆದ ಹಲ್ಲು ಮುಚ್ಚಿರುತ್ತೆ, ನೋವು ಇರೋದು ಬೇರಿನ ತುದಿಯಲ್ಲಿ. ಎಣ್ಣೆ ಅಲ್ಲಿಗೆ ಹೋಗಲ್ಲ. ನೀರಾಗಿಸದ ಎಣ್ಣೆ ವಸಡನ್ನು ಸುಡುತ್ತೆ.

ಹೊಗೆಸೊಪ್ಪು, ಕಡ್ಡಿಪುಡಿ ಒತ್ತೋದು, ಬ್ರಾಂದಿ ಹಿಡಿದಿಡೋದು: ಯಾವ ಲಾಭವೂ ಇಲ್ಲ. ಮೆಟ್ರೊನಿಡಜೋಲ್ ತಗೊಳ್ತಿರೋರು ಹೆಂಡ ಮುಟ್ಟಲೇಬಾರದು.

ಊತದ ಮೇಲೆ ಬಿಸಿ ಶಾಖ: ಕೀವಿನ ಊತ ಇದ್ರೆ ಹೊರಗಿನಿಂದ ಬಿಸಿ ಕೊಡಬೇಡಿ. ಪಿನ್ನು, ಸೂಜಿಯಿಂದ ಕೀವು ಒಡೆಯೋದಂತೂ ಬೇಡವೇ ಬೇಡ.

'ಕಿತ್ತು ಹಾಕಿಬಿಡಿ' ಅನ್ನೋ ಸಿಟ್ಟು: ಎರಡು ದಿನದ ನೋವಿಗೆ ಉಳಿಯಬಹುದಾದ ಹಲ್ಲು ಕಳ್ಕೋಬೇಡಿ. ಮೊದಲು ಎಕ್ಸ್‌ರೇ ತೆಗೆಸಿ.

ಈ ಲಕ್ಷಣ ಕಂಡರೆ ಬೆಳಗಾಗೋವರೆಗೂ ಕಾಯಬೇಡಿ

- ಮುಖ, ಗದ್ದದ ಕೆಳಗೆ ಅಥವಾ ಕುತ್ತಿಗೆ ಊದಿಕೊಂಡು ಗಂಟೆಗಂಟೆಗೂ ಹೆಚ್ಚುತ್ತಿದ್ದರೆ
- ನುಂಗೋಕೆ, ಮಾತಾಡೋಕೆ, ಉಸಿರಾಡೋಕೆ ಕಷ್ಟ ಆದರೆ, ನಾಲಿಗೆ ಮೇಲಕ್ಕೆ ಎತ್ತಿದಂತಾದರೆ
- ಬಾಯಿ ತೆರೆಯೋಕಾಗದಿದ್ದರೆ
- ಚಳಿ ಜ್ವರ, ವಿಪರೀತ ಸುಸ್ತು ಇದ್ದರೆ
- ಮೇಲಿನ ಹಲ್ಲಿನ ನೋವಿನ ಜತೆ ಕಣ್ಣಿನ ಸುತ್ತ ಊತ ಬಂದರೆ
- ಮಾತ್ರೆ ತಗೊಂಡ ಮೇಲೆ ಮೈ ತುಂಬ ದದ್ದು, ತುಟಿ ಊತ, ಉಸಿರುಕಟ್ಟು ಆದರೆ

ಕೆಳದವಡೆ ಹಲ್ಲಿನ ಕೀವು ನಾಲಿಗೆ ಕೆಳಗೆ, ಅಲ್ಲಿಂದ ಕುತ್ತಿಗೆಗೆ ಇಳಿಯಬಹುದು. ಇದಕ್ಕೆ ಲುಡ್ವಿಗ್ಸ್ ಆಂಜೈನಾ ಅಂತಾರೆ. ಉಸಿರಿನ ದಾರಿ ಮುಚ್ಚಿ ಪ್ರಾಣಕ್ಕೇ ಅಪಾಯ. ಅಪರೂಪಕ್ಕೆ ಆಗೋದು ನಿಜ, ಆದರೆ ಆದಾಗ ಗಂಟೆಗಳ ಲೆಕ್ಕ. ಶುಗರ್ ಇರೋರಲ್ಲಿ ಸೋಂಕು ಬೇಗ ಹರಡುತ್ತೆ, ಅವರು ಸಣ್ಣ ಊತವನ್ನೂ ಹಗುರವಾಗಿ ತಗೋಬಾರದು. ಇಂಥ ಹೊತ್ತಲ್ಲಿ ಡೆಂಟಲ್ ಕ್ಲಿನಿಕ್ ಬಾಗಿಲು ತೆಗೆಯೋದನ್ನು ಕಾಯದೆ 108ಕ್ಕೆ ಫೋನ್ ಮಾಡಿ ಅಥವಾ ಎಮರ್ಜೆನ್ಸಿ ಇರೋ ಆಸ್ಪತ್ರೆಗೆ ಹೋಗಿ.

ಇನ್ನೊಂದು ಎಚ್ಚರಿಕೆ: ನಡೆದಾಗ, ಮೆಟ್ಟಿಲು ಹತ್ತಿದಾಗ ಕೆಳದವಡೆಯಲ್ಲಿ ನೋವು ಬಂದು, ಜತೆಗೆ ಎದೆ ಭಾರ, ಬೆವರು ಇದ್ರೆ ಅದು ಹಲ್ಲಿನದ್ದಲ್ಲದೆ ಹೃದಯದ್ದೂ ಆಗಿರಬಹುದು. ತಕ್ಷಣ ಇಸಿಜಿ ಮಾಡಿಸಿ.

ವಾರಗಳಾದ್ರೂ ನೋವು ಬಿಡ್ತಿಲ್ಲ, ಯಾಕೆ?

ಒಂದು ನಾಳ ಬಿಟ್ಟುಹೋಗಿರಬಹುದು. ಮೇಲಿನ ಮೊದಲ ದೊಡ್ಡ ದವಡೆ ಹಲ್ಲಿನಲ್ಲಿ ಮೂರು ಬೇರು ಇದ್ರೂ ಎಷ್ಟೋ ಜನರಿಗೆ ನಾಲ್ಕನೇ ಸಣ್ಣ ನಾಳ ಇರುತ್ತೆ. ಕೂದಲಿನಷ್ಟು ತೆಳು, ಸಾದಾ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಅದರಲ್ಲಿ ಸೋಂಕು ಉಳಿದ್ರೆ ನೋವೂ ಉಳಿಯುತ್ತೆ.

ಹಲ್ಲು ಸೀಳಿರಬಹುದು. ಕಚ್ಚಿ ಬಿಟ್ಟಾಗ ಚಳಕ್ ಅಂದ್ರೆ ಇದರ ಅನುಮಾನ. ಸೀಳು ಬೇರಿನವರೆಗೆ ಹೋಗಿದ್ರೆ ಹಲ್ಲು ಉಳಿಸೋದು ಕಷ್ಟ.

ಸಿಮೆಂಟ್ ಸಡಿಲ ಆಗಿ ಎಂಜಲು ಒಳಗೆ ಹೋಗಿರಬಹುದು. ಟೆಂಪರರಿ ಸಿಮೆಂಟ್ ಇರೋದೇ ಕೆಲವು ವಾರಕ್ಕೆ. ಕಳಚಿದ್ರೆ ನೋವಿಲ್ಲದಿದ್ರೂ ಒಂದೆರಡು ದಿನದೊಳಗೆ ಹಾಕಿಸಿಕೊಳ್ಳಿ.

ನೋವು ಬೇರೆ ಕಡೆಯದ್ದೂ ಆಗಿರಬಹುದು. ಮೇಲಿನ ದವಡೆ ಹಲ್ಲಿನ ಬೇರುಗಳು ಸೈನಸ್ ಗೂಡಿಗೆ ಹತ್ತಿರ. ನೆಗಡಿ, ಸೈನಸ್ ಇದ್ದಾಗ ಬಗ್ಗಿದ್ರೆ ಹಲ್ಲೆಲ್ಲ ನೋಯುತ್ತೆ. ಮುಖದ ನರದ ತೊಂದರೆ ಇದ್ರೆ ಕರೆಂಟ್ ಹೊಡೆದ ಹಾಗೆ ಕ್ಷಣಮಾತ್ರ ಚುಚ್ಚುತ್ತೆ. ಇಂಥವರು ಒಂದಾದ ಮೇಲೊಂದು ಹಲ್ಲು ಕೀಳಿಸಿಕೊಂಡ್ರೂ ನೋವು ಹೋಗಲ್ಲ.

ಇದಕ್ಕೆಲ್ಲ ದಾರಿ ಇದೆ. ನಾಳ ಬಿಟ್ಟುಹೋಗಿದ್ರೆ ಹಳೆಯದನ್ನು ತೆಗೆದು ಮತ್ತೆ ರೂಟ್ ಕೆನಾಲ್ ಮಾಡಬಹುದು. ಅದೂ ಆಗದಿದ್ರೆ ವಸಡಿನ ಕಡೆಯಿಂದ ಬೇರಿನ ತುದಿ ಮಾತ್ರ ಕತ್ತರಿಸಿ ಮುಚ್ಚೋ ಸಣ್ಣ ಆಪರೇಷನ್ ಇದೆ. ಕೀಳಿಸೋದು ಕೊನೆಯ ದಾರಿ.

ವಾಪಸ್ ಹೋದಾಗ ಏನು ಕೇಳಬೇಕು?

ಮೊದಲು ಮಾಡಿಸಿದ ಡಾಕ್ಟ್ರ ಹತ್ತಿರವೇ ಹೋಗಿ. ಎಷ್ಟು ನಾಳ ಇತ್ತು, ಏನು ತುಂಬಿದ್ದಾರೆ ಅನ್ನೋದು ಅವರಿಗೇ ಗೊತ್ತಿರೋದು. ಜಗಳಕ್ಕೆ ನಿಲ್ಲಬೇಡಿ. ಕಷ್ಟದ ಹಲ್ಲಿನಲ್ಲಿ ಒಳ್ಳೆ ಡಾಕ್ಟ್ರಿಗೂ ಹೀಗಾಗುತ್ತೆ. ನೋವು ಯಾವಾಗ ಬರುತ್ತೆ, ಎಷ್ಟು ಹೊತ್ತು ಇರುತ್ತೆ, ಯಾವ ಮಾತ್ರೆ ತಗೊಂಡಿರಿ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇವನ್ನು ಕೇಳಿ:

- ಕಚ್ಚು ಎತ್ತರ ಇದೆಯಾ, ಒಂದು ಸಲ ನೋಡ್ತೀರಾ?
- ಹೊಸ ಎಕ್ಸ್‌ರೇಯಲ್ಲಿ ಬೇರಿನ ತುದಿವರೆಗೆ ತುಂಬಿದೆಯಾ?
- ಎಲ್ಲಾ ನಾಳ ಸಿಕ್ಕಿದೆಯಾ, ಸ್ಕ್ಯಾನ್ ಬೇಕಾ?
- ಮತ್ತೆ ಮಾಡಬೇಕಾದ್ರೆ ಖರ್ಚು ಎಷ್ಟು?
- ಕ್ಯಾಪ್ ಯಾವಾಗ ಹಾಕಿಸಬೇಕು?

ಎಕ್ಸ್‌ರೇ, ಬಿಲ್, ಚೀಟಿ ಎಲ್ಲದರ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಸಮಾಧಾನ ಆಗದಿದ್ರೆ ಎಂಡೊಡಾಂಟಿಸ್ಟ್ ಹತ್ತಿರ ತೋರಿಸಿ. ರೂಟ್ ಕೆನಾಲ್ ವಿಷಯದಲ್ಲೇ ಎಂಡಿಎಸ್ ಮಾಡಿದವರು ಇವರು.

ದುಡ್ಡಿನ ತೊಂದರೆ ಇದ್ರೆ?

ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ಡೆಂಟಲ್ ಕಾಲೇಜು ಆಸ್ಪತ್ರೆಗಳಲ್ಲಿ ಖಾಸಗಿ ಕ್ಲಿನಿಕ್‌ಗಿಂತ ದರ ಸಾಮಾನ್ಯವಾಗಿ ಕಮ್ಮಿ. ಓದುತ್ತಿರೋ ಡಾಕ್ಟ್ರು ಮಾಡ್ತಾರೆ, ಮೇಲೆ ಪ್ರೊಫೆಸರ್‌ಗಳು ನೋಡ್ತಾರೆ. ಸಮಯ ಮಾತ್ರ ಹೆಚ್ಚು ಹಿಡಿಯುತ್ತೆ. ದಾವಣಗೆರೆ ನಗರದಲ್ಲೇ ಎರಡು ಡೆಂಟಲ್ ಕಾಲೇಜು ಇರೋದು ನಮ್ಮ ಜಿಲ್ಲೆಯವರ ಅದೃಷ್ಟ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಹರಿಹರದವರು ಬೆಳಿಗ್ಗೆ ಬಸ್ ಹತ್ತಿ ಸಂಜೆ ವಾಪಸ್ ಬರಬಹುದು.

ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳು ದರಪಟ್ಟಿ ಹಾಕಬೇಕು ಅಂತ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತೆ. ರೂಟ್ ಕೆನಾಲ್ ದರದಲ್ಲಿ ಕ್ಯಾಪ್ ಸೇರಿದೆಯಾ ಅಂತ ಶುರುವಲ್ಲೇ ಕೇಳಿ. ಸಂತೆಯಲ್ಲಿ, ರಸ್ತೆ ಬದಿಯಲ್ಲಿ ಕೂತು ಹಲ್ಲು ಕಟ್ಟೋರ ಹತ್ತಿರ ಹೋಗಬೇಡಿ.

ನೋವು ಹೋಯ್ತು, ಇನ್ನು ಹೋಗೋದು ಬೇಡ್ವಾ?

ಬಹಳ ಜನ ತಪ್ಪು ಮಾಡೋದು ಇಲ್ಲೇ. ಮೊದಲ ಸಿಟ್ಟಿಂಗ್‌ನಲ್ಲಿ ನರ ತೆಗೆದಾಗ ನೋವು ನಿಲ್ಲುತ್ತೆ, ಆದರೆ ನಾಳ ಇನ್ನೂ ತುಂಬಿರಲ್ಲ. ಅರ್ಧಕ್ಕೆ ಬಿಟ್ಟ ಹಲ್ಲಿನೊಳಗೆ ಸೋಂಕು ಸದ್ದಿಲ್ಲದೆ ಬೆಳೆಯುತ್ತೆ. ನರ ಇಲ್ಲದ್ದರಿಂದ ಮೊದಮೊದಲು ಗೊತ್ತೂ ಆಗಲ್ಲ.

ಕ್ಯಾಪ್ ಕೂಡ ಹಾಗೇ. ರೂಟ್ ಕೆನಾಲ್ ಆದ ದವಡೆ ಹಲ್ಲು ಒಳಗೆ ಟೊಳ್ಳಾಗಿ ಬೇಗ ಒಡೆಯುತ್ತೆ. ದುಡ್ಡು ಹೊಂದಿಸಿಕೊಳ್ಳೋವರೆಗೆ ಗಟ್ಟಿ ಪರ್ಮನೆಂಟ್ ಫಿಲ್ಲಿಂಗ್ ಆದರೂ ಹಾಕಿಸಿ, ಆಮೇಲೆ ಬೇಗ ಕ್ಯಾಪ್ ಮುಗಿಸಿ.

ವ್ಯಾಪಾರಸ್ಥರೇ, ಹಬ್ಬ, ಮದುವೆ ಸೀಜನ್, ಅಡಿಕೆ ಕೊಯ್ಲು ನೋಡಿಕೊಂಡೇ ಮೊದಲ ದಿನ ತಾರೀಖು ಕೇಳಿ. ಎಲ್ಲ ಸಿಟ್ಟಿಂಗ್ ಯಾವತ್ತು ಮುಗಿಯುತ್ತೆ ಅಂತ ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ನಮ್ಮ ಮಾವನ ಅಂಗಡಿ ಕ್ಯಾಲೆಂಡರ್‌ನಲ್ಲಿ ಈಗ ಸಾಲದ ಲೆಕ್ಕದ ಪಕ್ಕದಲ್ಲೇ ಹಲ್ಲಿನ ಡಾಕ್ಟ್ರ ತಾರೀಖೂ ಇರುತ್ತೆ.

(ಇದು ಸಾಮಾನ್ಯ ಮಾಹಿತಿ. ನಿಮಗಿರೋ ಕಾಯಿಲೆ, ತಗೊಳ್ತಿರೋ ಮಾತ್ರೆ ನೋಡಿ ನಿಮ್ಮ ಡಾಕ್ಟ್ರು ಹೇಳಿದ್ದನ್ನೇ ಪಾಲಿಸಿ.)